31 ಮೆಟ್ಟಿಲು: ದುಬಾರಿ ರೆಸಾರ್ಟಿನಲ್ಲಿ ಕಳೆದ ಒಂದು ರಾತ್ರಿಯ ಪ್ರಕರಣ

ಈ ಪ್ರಕರಣದ ಕುಟುಂಬ ದಾವಣಗೆರೆಯದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಮನೆಯವರ ಹೆಸರು, ರೆಸಾರ್ಟಿನ ಹೆಸರು, ಅದಿರುವ ಊರು ಯಾವುದನ್ನೂ ಹಾಕಿಲ್ಲ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ನಾನು ವಕೀಲನಲ್ಲ. ಊರಿನಲ್ಲಿ ಯಾರಿಗಾದರೂ ಅಂಗಡಿ, ಬ್ಯಾಂಕು, ಹೋಟೆಲಿನಿಂದ ಮೋಸ ಆಯ್ತು ಅಂದರೆ ದೂರು ಬರೆದುಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಈ ಕುಟುಂಬ ನನ್ನ ಹತ್ತಿರ ಬಂದಾಗ ಆಗಬೇಕಾದ ತಪ್ಪುಗಳಲ್ಲಿ ಅರ್ಧ ಆಗಿಹೋಗಿತ್ತು. ಆದರೂ ಕೆಲವು ಒಳ್ಳೆಯ ಕೆಲಸಗಳನ್ನು ಅವರು ಗೊತ್ತಿಲ್ಲದೆಯೇ ಮಾಡಿದ್ದರು. ಎರಡೂ ಬೇರೆಯವರಿಗೆ ಉಪಯೋಗಕ್ಕೆ ಬರುತ್ತವೆ.

ಹಿನ್ನೆಲೆ

ಅಪ್ಪಾಜಿಗೆ 76, ಅವ್ವನಿಗೆ 70. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಪ್ಪಾಜಿ ಕಾಟನ್ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಇಬ್ಬರು ಮಕ್ಕಳನ್ನು ಓದಿಸಿದರು. ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟು ಹೋಗಿದ್ದರೆ ಒಂದೋ ದೇವಸ್ಥಾನಕ್ಕೆ, ಇಲ್ಲ ಮದುವೆಗೆ, ಇಲ್ಲ ಆಸ್ಪತ್ರೆಗೆ. ಎಲ್ಲಾದರೂ ಹೋಗಿ ಸುಮ್ನೆ ಎರಡು ದಿನ ಕೂತು ಬಂದವರಲ್ಲ. 2024ರ ಡಿಸೆಂಬರಿಗೆ ಅವರ ಮದುವೆಯಾಗಿ 50 ವರ್ಷ.

ಮಕ್ಕಳು ಸೇರಿ ದುಡ್ಡು ಹಾಕಿದರು. ಮಗನದು ದಾವಣಗೆರೆಯಲ್ಲೇ ಸಣ್ಣ ವ್ಯಾಪಾರ. ಮಗಳನ್ನು ಚಿತ್ರದುರ್ಗಕ್ಕೆ ಕೊಟ್ಟಿದ್ದಾರೆ, ಅಲ್ಲಿ ಶಾಲೆಯೊಂದರಲ್ಲಿ ಟೀಚರ್. ಆಕೆಯ ಮಗಳಿಗೆ 19 ವರ್ಷ, ಕಾಲೇಜು ಓದುತ್ತಿದ್ದಾಳೆ. ಸೊಸೆಯೂ ಸೇರಿ ಒಟ್ಟು ಆರು ಜನ.

ಕಾಫಿ ಸೀಮೆಯ ಬೆಟ್ಟದ ಮೇಲೆ ಒಂದು ರೆಸಾರ್ಟು ಆರಿಸಿದರು. ಮೂರು ಕಾಟೇಜು, ಎರಡು ರಾತ್ರಿ. ಒಂದು ಕಾಟೇಜಿಗೆ ಒಂದು ರಾತ್ರಿಗೆ 12,500 ರೂಪಾಯಿ. ಒಟ್ಟು 75,000. ದಿನಕ್ಕೆ 7,500 ರೂಪಾಯಿ ದಾಟಿದ ಕೋಣೆಗೆ ಜಿಎಸ್‌ಟಿ ಶೇ 18. ಅದೇ 13,500 ಆಯಿತು. ಎಲ್ಲ ಸೇರಿ 88,500 ರೂಪಾಯಿ, ಪೂರ್ತಿ ಮುಂಗಡ. ಬುಕಿಂಗ್ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಾನ್-ರಿಫಂಡೆಬಲ್’ ಅಂತ ಇತ್ತು.

ದುಡ್ಡು ಕಟ್ಟುವ ಮುಂಚೆ ಮಗ ಫೋನು ಮಾಡಿ ಒಂದು ವಿಷಯ ಕೇಳಿದ್ದರು. ಅವ್ವನ ಎಡ ಮಂಡಿಗೆ ಆಪರೇಷನ್ ಆಗಿ ಒಂಬತ್ತು ತಿಂಗಳಾಗಿತ್ತು. ಆ ಕಡೆಯ ಹುಡುಗಿ ‘ಆಗುತ್ತೆ ಸರ್’ ಅಂದಳು. ಮಗನಿಗೆ ಸಮಾಧಾನ ಆಗಲಿಲ್ಲ. ವಾಟ್ಸ್‌ಆಪಿನಲ್ಲಿ ಬರೆದರು: ‘ನಮ್ಮ ತಾಯಿಗೆ ಮಂಡಿ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತಿ ಇಳಿಯೋಕೆ ಆಗಲ್ಲ. ಒಂದು ಕಾಟೇಜು ಮೆಟ್ಟಿಲಿಲ್ಲದ್ದು ಬೇಕೇ ಬೇಕು.’ ಉತ್ತರ ಬಂತು: ‘ನೋಟೆಡ್ ಸರ್. ಮೆಟ್ಟಿಲಿಲ್ಲದ ಕಾಟೇಜ್ ಒಂದು ಕನ್ಫರ್ಮ್.’

ಮುಂದೆ ದಾಖಲೆ ಆಗಲಿ ಅಂತ ಅವರು ಇದನ್ನು ಬರೆಸಿಕೊಂಡಿದ್ದಲ್ಲ, ಅವ್ವನ ಕಾಲಿನ ಚಿಂತೆಗೆ ಬರೆಸಿಕೊಂಡಿದ್ದು. ಇಡೀ ಪ್ರಕರಣ ನಿಂತದ್ದು ಈ ಎರಡು ಸಾಲಿನ ಮೇಲೆ.

ಆ ದಿನ

ಬೆಳಿಗ್ಗೆ ದಾವಣಗೆರೆ ಬಿಟ್ಟು, ಸೂಳೆಕೆರೆ ಹತ್ತಿರ ನಿಂತು ಟೀ ಕುಡಿದು, ಚನ್ನಗಿರಿ ದಾಟಿ ಹೋದರು. ಅವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಮಧ್ಯಾಹ್ನ ಪೌಣೇ ಎರಡಕ್ಕೆ ರೆಸಾರ್ಟು ಮುಟ್ಟಿದರು. ಕಾಟೇಜು ಕೊಡುವ ಹೊತ್ತು ಎರಡು ಗಂಟೆ. ಕೀಲಿ ಸಿಕ್ಕಿದ್ದು 4:40ಕ್ಕೆ. ಕಾರಣ ಗೊತ್ತಾದದ್ದು ಆಮೇಲೆ. ಅವತ್ತೇ ಯಾವುದೋ ಕಂಪನಿಯ ದೊಡ್ಡ ತಂಡ ಬಂದಿತ್ತು. ಊಟದ ಹಾಲಿನ ಪಕ್ಕದಲ್ಲಿದ್ದ ಸಮತಟ್ಟು ಕಾಟೇಜುಗಳನ್ನೆಲ್ಲ ಅವರಿಗೆ ಕೊಟ್ಟುಬಿಟ್ಟಿದ್ದರು.

ಅವ್ವನಿಗೆ ಕೊಟ್ಟ ಕಾಟೇಜು ಇಳಿಜಾರಿನ ಕೆಳಗಿತ್ತು. ಕಾಡುಕಲ್ಲಿನ ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ, ಅಂಚಿಗೆ ಪಾಚಿ. ಹಿಡಿದುಕೊಳ್ಳಲು ಗೂಟದಿಂದ ಗೂಟಕ್ಕೆ ಹಗ್ಗ ಕಟ್ಟಿದ್ದರು. ಭಾರ ಹಾಕಿದರೆ ಹಗ್ಗ ಜೋಲಿ ಹೊಡೆಯುತ್ತಿತ್ತು. ಸಾಮಾನು ಸಾಗಿಸುವ ಬ್ಯಾಟರಿ ಗಾಡಿ ರಿಪೇರಿಗೆ ಹೋಗಿತ್ತು. ಇದ್ದರೂ ಅದು ಮೆಟ್ಟಿಲು ಇಳಿಯುವಂಥದ್ದಲ್ಲ.

ಮಗ ರಿಸೆಪ್ಷನ್ನಿಗೆ ಹೋಗಿ ಕೇಳಿದರು. ‘ಇವತ್ತೊಂದು ರಾತ್ರಿ ಅಡ್ಜಸ್ಟ್ ಮಾಡ್ಕೊಳ್ಳಿ ಸರ್, ನಾಳೆ ಬದಲಿಸಿಕೊಡ್ತೀವಿ’ ಅಂದರು. ಅದರ ಮೇಲೆ ಅವ್ವನೇ, ‘ಇರ್ಲಿ ಬಿಡಪ್ಪಾ, ಒಂದಿನ ತಾನೇ. ಬಂದಲ್ಲಿ ಜಗಳ ಬ್ಯಾಡ’ ಅಂದುಬಿಟ್ಟರು.

ಅವ್ವ ಇಳಿದರು. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಆಪರೇಷನ್ ಆದ ಕಾಲನ್ನು ಮೊದಲು ಕೆಳಗಿಡುವುದು, ಇನ್ನೊಂದು ಕಾಲನ್ನು ಅದರ ಪಕ್ಕಕ್ಕೆ ತರುವುದು, ನಿಂತು ಉಸಿರು ಬಿಡುವುದು, ಮತ್ತೆ ಮುಂದಿನದು. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ. ಅಪ್ಪಾಜಿ ಮುಂದೆ ಹಿಮ್ಮುಖವಾಗಿ ಇಳಿಯುತ್ತಾ ಒಂದೊಂದೇ ಮೆಟ್ಟಿಲನ್ನು ಗಟ್ಟಿಯಾಗಿ ಎಣಿಸಿದರು. ಒಟ್ಟು 31. ಇಪ್ಪತ್ತು ನಿಮಿಷ ಹಿಡಿಯಿತು. ಕೆಳಗೆ ಮುಟ್ಟಿದಾಗ ಅವ್ವನ ಮಂಡಿ ಊದಿಕೊಂಡಿತ್ತು.

ಮತ್ತೆ ಹತ್ತುವ ಮಾತೇ ಇರಲಿಲ್ಲ. ಮೇಲಿನ ಊಟದ ಹಾಲಿನಲ್ಲಿ ಆರು ಜನಕ್ಕೆ ಮೇಜು ಸಿದ್ಧವಾಗಿತ್ತು. ಬಿಳಿ ಬಟ್ಟೆ ಹಾಸಿ, ಗುಲಾಬಿ ಎಸಳಿನಲ್ಲಿ ‘50’ ಅಂತ ಬರೆದಿದ್ದರು. ಅದನ್ನು ಮೊಮ್ಮಗಳು ಫೋಟೋ ತೆಗೆದಿದ್ದಾಳೆ. ಮೇಜಿನ ಸುತ್ತ ಖಾಲಿ ಕುರ್ಚಿ. ನಾನು ಈ ಪ್ರಕರಣದಲ್ಲಿ ಎಷ್ಟೋ ಕಾಗದ ನೋಡಿದ್ದೇನೆ, ಆ ಫೋಟೋ ಮಾತ್ರ ಇವತ್ತಿಗೂ ನೆನಪಾಗುತ್ತೆ. ಅವ್ವನನ್ನು ಬಿಟ್ಟು ಅಪ್ಪಾಜಿ ಮೇಲೆ ಹೋಗಲಿಲ್ಲ. ಇಬ್ಬರೂ ಕೋಣೆಯ ಮಂಚದ ಮೇಲೆ ಕೂತು ಮೊಸರನ್ನ ತಿಂದರು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಗೀಸರ್ ಕೆಟ್ಟಿತ್ತು. ಈಜುಕೊಳದ ನೀರು ಹಸಿರು ತಿರುಗಿತ್ತು. ರಾತ್ರಿ ಎಂಟಕ್ಕೆ ಶುರುವಾದ ಕಂಪನಿಯವರ ಡಿಜೆ ನಿಂತದ್ದು 12:10ಕ್ಕೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. 112ಕ್ಕೆ ಫೋನು ಮಾಡಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

9:52ರ ಮೆಸೇಜು

ಆ ಸಂಜೆ ಮಗ ರಿಸೆಪ್ಷನ್ನಿಗೆ ಮೂರು ಸಲ ಹೋದರು. ಮೂರು ಸಲವೂ ಬಾಯಿಮಾತು. ಮೊದಲ ಸಲ ಇದ್ದ ಹುಡುಗ ಎರಡನೇ ಸಲ ಇರಲಿಲ್ಲ. ಮೂರನೇ ಸಲ ಇದ್ದವರಿಗೆ ಮೊದಲಿಂದ ಮತ್ತೆ ಎಲ್ಲ ಹೇಳಬೇಕಾಯಿತು. ಮಗನ ದನಿ ಏರಿತು. ಆ ಕಡೆಯವರು ‘ಸರ್, ಸಮಾಧಾನ’ ಅಂದರು. ಇದ್ಯಾವುದಕ್ಕೂ ಒಂದು ಚೂರು ಗುರುತು ಉಳಿಯಲಿಲ್ಲ. ಮುಂದೆ ದೂರು ಗ್ರಾಹಕ ಆಯೋಗಕ್ಕೆ ಹೋದಾಗ ರೆಸಾರ್ಟಿನವರು ತಮ್ಮ ತಕರಾರಿನಲ್ಲಿ, ಅಂದರೆ ದೂರಿಗೆ ಬರೆದುಕೊಟ್ಟ ಉತ್ತರದಲ್ಲಿ, ‘ದೂರುದಾರರು ಅಂದು ಯಾವುದೇ ಲೋಪವನ್ನು ನಮ್ಮ ಗಮನಕ್ಕೆ ತಂದಿರಲಿಲ್ಲ’ ಅಂತಲೇ ಬರೆದರು.

ಅದು ಸುಳ್ಳು ಅಂತ ತೋರಿಸಿದ್ದು ಮೊಮ್ಮಗಳ ಮೆಸೇಜು. ಮಾವ ಮೂರನೇ ಸಲ ಬರಿಗೈಯಲ್ಲಿ ಬಂದಾಗ ಅವಳು ಬುಕಿಂಗ್ ಮಾಡಿದ್ದ ಅದೇ ವಾಟ್ಸ್‌ಆಪ್ ನಂಬರಿಗೆ, ಮಾವನ ಫೋನಿನಿಂದಲೇ, ರಾತ್ರಿ 9:52ಕ್ಕೆ ಬರೆದಳು. ಬೈಗುಳ ಇಲ್ಲ, ‘ಇದೇನಾ ನಿಮ್ಮ ಫೈವ್ ಸ್ಟಾರ್’ ಅನ್ನೋ ಮಾತಿಲ್ಲ. ಹೀಗಿತ್ತು: ‘ಮೆಟ್ಟಿಲಿಲ್ಲದ ಕಾಟೇಜ್ ಅಂತ ನೀವೇ ಕನ್ಫರ್ಮ್ ಮಾಡಿದ್ದಿರಿ, ಮೇಲಿನ ಮೆಸೇಜ್ ನೋಡಿ. ಈಗ ಕೊಟ್ಟಿರುವುದಕ್ಕೆ 31 ಮೆಟ್ಟಿಲು ಇವೆ. ಅಜ್ಜಿಯ ಕಾಲು ಊದಿದೆ. ಈಗ ಮೂರು ಬೇಕು. ಇವತ್ತು ರಾತ್ರಿಯೇ ಕಾಟೇಜ್ ಬದಲಿಸಿ. ಆಗದಿದ್ದರೆ ಬಿಸಿನೀರು ಕೋಣೆಗೇ ಕಳಿಸಿ. ಹತ್ತು ಗಂಟೆಗೆ ಡಿಜೆ ನಿಲ್ಲಿಸಿ.’ ಜೊತೆಗೆ ಮೆಟ್ಟಿಲಿನ ಎರಡು ಫೋಟೋ.

10:15ಕ್ಕೆ ಉತ್ತರ: ‘ತೊಂದರೆಗೆ ಕ್ಷಮೆ ಇರಲಿ ಸರ್. ಇವತ್ತು ಫುಲ್ ಇದೆ. ನಾಳೆ ಬೆಳಿಗ್ಗೆ ಖಂಡಿತ ನೋಡುತ್ತೇವೆ.’

ಇಷ್ಟರಲ್ಲಿ ಬೇಕಾದದ್ದೆಲ್ಲ ಇದೆ. ಮಾತು ಕೊಟ್ಟಿದ್ದರು ಅನ್ನುವುದಿದೆ, ತಪ್ಪಿದರು ಅನ್ನುವುದಿದೆ, ಸರಿ ಮಾಡಲು ಅವಕಾಶ ಕೊಟ್ಟರೂ ಆಗಲಿಲ್ಲ ಅನ್ನುವುದಿದೆ. ಅದೂ ಅವರದೇ ನಂಬರಿನಲ್ಲಿ, ಹೊತ್ತಿನ ಸಮೇತ. ಅಲ್ಲೇ ಇರುವಾಗ, ಇಂಥದ್ದು ಬೇಕು ಅಂತ ಬರೆದು ಕೇಳುವುದಕ್ಕೆ ಎಷ್ಟು ಬೆಲೆ ಇದೆ ಅಂತ ನನಗೆ ಈ ಪ್ರಕರಣದಲ್ಲಿ ಮನದಟ್ಟಾಯಿತು. ಊರಿಗೆ ಬಂದು ಹತ್ತು ಪುಟ ಬರೆದರೂ ಆ ಒಂದು ಮೆಸೇಜಿನ ತೂಕ ಬರಲ್ಲ.

ಬೆಳಿಗ್ಗೆ, ಮತ್ತು ಒಂದು ಸಹಿ

ಬೆಳಿಗ್ಗೆಯೂ ಕಾಟೇಜು ಬದಲಾಗಲಿಲ್ಲ. ಕಂಪನಿಯವರು ಇನ್ನೊಂದು ದಿನ ಇರುತ್ತಾರೆ ಅಂತ ಗೊತ್ತಾಯಿತು. ಮ್ಯಾನೇಜರ್ ಬಂದು ಇಬ್ಬರಿಗೆ ಸ್ಪಾ ಉಚಿತ, ಮುಂದಿನ ಸಲ ಬಂದರೆ ಶೇ 15 ರಿಯಾಯಿತಿ ಅಂದರು. ಮಗಳು ಒಪ್ಪಲಿಲ್ಲ. ‘ಅವ್ವನ್ನ ಇನ್ನೊಂದು ರಾತ್ರಿ ಇಲ್ಲಿ ಇರಿಸಲ್ಲ, ನಡೀರಿ’ ಅಂದರು. ದುಡ್ಡು ಹೋಗುತ್ತಲ್ಲ ಅನ್ನುವ ಸಂಕಟ ಮಗನಿಗೆ ಇತ್ತು. ಆದರೂ ಹೊರಟರು. ಅವ್ವ ಹೆದರುತ್ತಿದ್ದರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೇಲಕ್ಕೆ ಹೊತ್ತು ತಂದರು.

ಹೊರಡುವಾಗ ಬಿಲ್ಲಿನ ಜೊತೆ ಅಭಿಪ್ರಾಯದ ಹಾಳೆ ಕೊಟ್ಟರು. ತಂದುಕೊಟ್ಟವನು ರಾತ್ರಿ ಅವರ ಊಟ, ಬಿಸಿನೀರು ಎಲ್ಲ ಹೊತ್ತು ತಂದ ಹುಡುಗ. ಹನ್ನೊಂದು ಗಂಟೆಗೆ ಎರಡು ಬಕೆಟ್ ಬಿಸಿನೀರನ್ನು 31 ಮೆಟ್ಟಿಲು ಇಳಿಸಿದ್ದ. ‘ಸರ್, ದಯವಿಟ್ಟು ಚೆನ್ನಾಗಿ ಬರೀರಿ, ಇಲ್ಲಾಂದ್ರೆ ನಮ್ಮ ಮೇಲೆ ಬರುತ್ತೆ’ ಅಂದ. ಅವ್ವ ಗಾಡಿಯಲ್ಲಿ ಕೂತು, ‘ಪಾಪ, ಆ ಹುಡುಗ ಏನ್ ಮಾಡ್ತಾನ, ಬರಕೊಡೋ’ ಅಂದರು. ಮಗ ಎಲ್ಲದಕ್ಕೂ ‘ಅತ್ಯುತ್ತಮ’ ಅಂತ ಟಿಕ್ ಹಾಕಿ ಸಹಿ ಮಾಡಿಕೊಟ್ಟರು.

ಇದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರಲ್ಲ. ನಮ್ಮ ಕಡೆಯವರು ಎಷ್ಟು ಜನ ಆ ಹೊತ್ತಲ್ಲಿ ಇಲ್ಲ ಅನ್ನುತ್ತಾರೆ? ಆದರೆ ನಷ್ಟ ಆಗಿದ್ದು ನಿಜ. ಆರು ತಿಂಗಳಾದ ಮೇಲೆ ಅದೇ ಹಾಳೆ ರೆಸಾರ್ಟಿನ ತಕರಾರಿನ ಜೊತೆ ಮೊದಲ ದಾಖಲೆಯಾಗಿ ಬಂತು. ಅದೇ ಹಾಳೆಯಲ್ಲಿ ಷರಾ ಬರೆಯಲು ನಾಲ್ಕು ಗೆರೆ ಜಾಗ ಇತ್ತು. ‘ಈ ಹುಡುಗನ ಸೇವೆ ಅತ್ಯುತ್ತಮ. ಒಪ್ಪಿದ ಕಾಟೇಜು ಕೊಡಲಿಲ್ಲ, ಅದಕ್ಕೇ ಒಂದು ದಿನ ಮೊದಲೇ ಹೋಗುತ್ತಿದ್ದೇವೆ’ ಅಂತ ಬರೆದಿದ್ದರೆ ಹುಡುಗನಿಗೂ ಒಳ್ಳೆಯದಾಗುತ್ತಿತ್ತು, ಇವರಿಗೂ ಆಗುತ್ತಿತ್ತು.

ಊರಿಗೆ ಬಂದ ಮೇಲೆ

ಮೊದಲ ವಾರ ಬರೀ ಸಿಟ್ಟು. ಮನೆಯ ವಾಟ್ಸ್‌ಆಪ್ ಗುಂಪಿನಲ್ಲಿ ಸುದ್ದಿ ಹರಡಿ, ಅಲ್ಲಿಗೆ ಹೋಗಿಯೇ ಇರದ ಹದಿನಾಲ್ಕು ಜನ ನೆಂಟರು ಗೂಗಲ್‌ನಲ್ಲಿ ಒಂದೊಂದು ಸ್ಟಾರ್ ಹಾಕಿದರು. ಒಬ್ಬರು ಊಟದಲ್ಲಿ ಹುಳ ಇತ್ತು ಅಂತಲೂ ಬರೆದರು. ಇರಲಿಲ್ಲ. ರೆಸಾರ್ಟಿನವರು ಪಟ್ಟು ಹಿಡಿದರು: ಇವರು ಸುಳ್ಳು ವಿಮರ್ಶೆ ಬರೆಸಿ ಬೆದರಿಸುತ್ತಿದ್ದಾರೆ, ಮಾನನಷ್ಟದ ಕೇಸು ಹಾಕುತ್ತೇವೆ ಅಂತ ಪತ್ರ ಕಳಿಸಿದರು. ಆ ಪತ್ರ ಹಿಡಿದುಕೊಂಡು ಮಗ ನನ್ನ ಹತ್ತಿರ ಬಂದದ್ದು. ತಪ್ಪು ಮಾಡಿದವರು ಅವರು, ಹೆದರಿ ಕೂತವರು ಇವರು. ಆ ಹದಿನಾಲ್ಕು ವಿಮರ್ಶೆ ಮಾಡಿದ ಕೆಲಸ ಇದು.

ನಾನು ಮೊದಲು ಹೇಳಿದ್ದು, ಹೋಗದೇ ಇದ್ದವರು ಬರೆದದ್ದನ್ನೆಲ್ಲ ಇವತ್ತೇ ತೆಗೆಸಿ ಅಂತ. ಮಗ ಬರೆದ ಒಂದು ವಿಮರ್ಶೆ ಸಾಕು. ಅದರಲ್ಲಿ ಒಪ್ಪಿದ್ದೇನು, ಕೊಟ್ಟದ್ದೇನು, ಎಷ್ಟು ಮೆಟ್ಟಿಲು, ಎಷ್ಟು ಹೊತ್ತಿಗೆ ಹೇಳಿದೆವು, ಇಷ್ಟೇ ಇರಲಿ. ನೆಂಟರಿಗೆ ಬೇಸರ ಆಯಿತು, ಆದರೂ ತೆಗೆದರು. ನಿಜ ಬರೆದ ಒಂದು ವಿಮರ್ಶೆಯ ಬಗ್ಗೆ ರೆಸಾರ್ಟಿನವರು ಮುಂದೆ ಒಂದು ಮಾತೂ ಆಡಲಿಲ್ಲ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ದೂರು ದಾಖಲಾಯಿತು, ನಂಬರ್ ಬಂತು. ರೆಸಾರ್ಟಿನವರು ‘ನಾನ್-ರಿಫಂಡೆಬಲ್’ ಅಂತ ಒಂದು ಸಾಲು ಉತ್ತರ ಕೊಟ್ಟರು. ಸಹಾಯವಾಣಿ ಎರಡೂ ಕಡೆಯವರನ್ನು ಮಾತಿಗೆ ತರಬಹುದು, ದುಡ್ಡು ಕೊಡಿ ಅಂತ ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಅಲ್ಲಿಗೆ ಎಷ್ಟೋ ಜನ ಕೈಬಿಡುತ್ತಾರೆ. ಇವರೂ ಬಿಡುವವರಿದ್ದರು. ಕಾರಣ ಬಿಲ್ಲಿನ ಹಿಂದಿದ್ದ ಇನ್ನೊಂದು ಸಾಲು: ‘ಯಾವುದೇ ವ್ಯಾಜ್ಯ ಬೆಂಗಳೂರಿನ ನ್ಯಾಯಾಲಯದಲ್ಲಿ ಮಾತ್ರ.’ ಅಂಗಡಿ ಬಿಟ್ಟು ಬೆಂಗಳೂರಿಗೆ ತಿರುಗೋದು ಯಾರಪ್ಪ ಅಂತ ಮಗ ಹೇಳಿದರು.

ತಿರುಗಬೇಕಾಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರರು ವಾಸ ಇರುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು, ಅಷ್ಟೇ. ಇದನ್ನು ಕೇಳಿದ ಮೇಲೆ ಮಗ ಕುರ್ಚಿ ಎಳೆದುಕೊಂಡು ಸರಿಯಾಗಿ ಕೂತರು.

ಎಷ್ಟು ಕೇಳಬೇಕು?

ನಮ್ಮ ನಡುವೆ ಜಾಸ್ತಿ ವಾದ ನಡೆದದ್ದು ಇಲ್ಲಿ. ಮಗ ಬರೆದುಕೊಂಡು ಬಂದಿದ್ದ ಮೊದಲ ಕರಡಿನಲ್ಲಿ ಪರಿಹಾರ 10 ಲಕ್ಷ. ‘ಹೇಗೂ ಶುಲ್ಕ ಇಲ್ಲ ಅಲ್ವಾ ಸರ್, ಕೇಳಿದರೆ ನಮಗೇನು ನಷ್ಟ?’ ಅಂದರು. ಅಪ್ಪಾಜಿ ಪಕ್ಕದಲ್ಲಿ ಕೂತಿದ್ದರು. ಅಲ್ಲಿಯವರೆಗೆ ಸುಮ್ಮನಿದ್ದವರು ಕೇಳಿದರು, ‘ಹತ್ತು ಲಕ್ಷದ ಲೆಕ್ಕ ಹೆಂಗ್ ತೋರಿಸ್ತೀಯಾ?’ ಲೆಕ್ಕ ಬರೆದು ಬದುಕಿದವರ ಪ್ರಶ್ನೆ ಅದು.

ಕೂತು ಲೆಕ್ಕ ಹಾಕಿದೆವು. ಇರದೇ ಬಂದ ಎರಡನೇ ರಾತ್ರಿಗೆ ಮೂರು ಕಾಟೇಜಿನ ಬಾಡಿಗೆ 37,500, ಅದರ ಜಿಎಸ್‌ಟಿ 6,750, ಒಟ್ಟು 44,250. ಮೊದಲ ರಾತ್ರಿಗೆ ಅವ್ವ, ಅಪ್ಪಾಜಿಯ ಕಾಟೇಜಿನದು ಮಾತ್ರ 14,750. ಉಳಿದ ಎರಡು ಕಾಟೇಜಿನವರು ಕಷ್ಟವೋ ಸುಖವೋ ಮಲಗಿ ಎದ್ದರು, ಅದನ್ನು ಕೇಳುವುದು ಬೇಡ ಅಂತ ಅಪ್ಪಾಜಿಯೇ ಅಂದರು. ಎರಡೂ ಸೇರಿ 59,000. ಮನಸ್ಸಿಗಾದ ನೋವಿಗೆ 20,000, ಖರ್ಚಿಗೆ 5,000. ಒಟ್ಟು 84,000 ರೂಪಾಯಿ.

ದೂರಿನಿಂದ ಇನ್ನೂ ಎರಡು ವಿಷಯ ತೆಗೆದೆವು. ಒಂದು, ‘ಫೈವ್ ಸ್ಟಾರ್’ ಅನ್ನುವ ಮಾತು. ಹೋಟೆಲುಗಳಿಗೆ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಅದೂ ಹೋಟೆಲಿನವರು ತಾವಾಗಿ ಅರ್ಜಿ ಹಾಕಿದರೆ. ಈ ರೆಸಾರ್ಟು ಜಾಹೀರಾತಿನಲ್ಲಿ ಹಾಕಿದ್ದು ‘ಫೈವ್ ಸ್ಟಾರ್ ಅನುಭವ’ ಅಂತ. ಅನುಭವ ಅನ್ನುವ ಪದ ಹಿಡಿದುಕೊಂಡು ಗುದ್ದಾಡಿ ಪ್ರಯೋಜನವಿಲ್ಲ. ಮೆಟ್ಟಿಲಿಲ್ಲದ ಕಾಟೇಜು ಅನ್ನುವುದು ಅಳೆದು ನೋಡಬಹುದಾದ ಮಾತು.

ಇನ್ನೊಂದು, ‘ನಾನ್-ರಿಫಂಡೆಬಲ್ ಅನ್ನುವುದೇ ಅನುಚಿತ ಕರಾರು’ ಅನ್ನುವ ವಾದ. ಕೇಳಲು ಚೆನ್ನಾಗಿದೆ. ಆದರೆ ಅನುಚಿತ ಕರಾರಿನ ದೂರು ಕೇಳುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಕ್ಕೆ ಇದೆ, ಜಿಲ್ಲಾ ಆಯೋಗಕ್ಕೆ ಇಲ್ಲ. ಅದನ್ನು ಮುಂದಿಟ್ಟರೆ ದಾವಣಗೆರೆಯಲ್ಲಿ ಮುಗಿಯುವ ಕೆಲಸ ಬೆಂಗಳೂರಿಗೆ ಹೋಗುತ್ತೆ. ಹಾಗಾಗಿ ಸೇವೆಯಲ್ಲಿ ಕೊರತೆ ಅಂತಷ್ಟೇ ಬರೆದೆವು. ಗಿರಾಕಿ ಮನಸ್ಸು ಬದಲಿಸಿ ಬರದೇ ಇದ್ದರೆ ಹಣ ವಾಪಸ್ ಇಲ್ಲ ಅನ್ನುವುದು ಬೇರೆ, ಒಪ್ಪಿದ ಕೋಣೆಯನ್ನೇ ಕೊಡದೆ ಹಣ ಇಟ್ಟುಕೊಳ್ಳುವುದು ಬೇರೆ.

ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ನೋಟಿಸು, 15 ದಿನ ಗಡುವು. ಉತ್ತರ ಬರಲಿಲ್ಲ. 2025ರ ಮಾರ್ಚಿನಲ್ಲಿ, ಗ್ರಾಹಕ ದೂರುಗಳನ್ನು ಆನ್‌ಲೈನಿನಲ್ಲಿ ಕೊಡುವ ಇ-ಜಾಗೃತಿ ತಾಣದ ಮೂಲಕ ದಾವಣಗೆರೆ ಜಿಲ್ಲಾ ಆಯೋಗಕ್ಕೆ ದೂರು ಹೋಯಿತು. ಕೂತು ಅಪ್‌ಲೋಡ್ ಮಾಡಿದ್ದು ಮೊಮ್ಮಗಳು.

ತಕರಾರು, ಮಧ್ಯಸ್ಥಿಕೆ

ನೋಟಿಸು ತಲುಪಿದ 30 ದಿನದಲ್ಲಿ ಎದುರುದಾರರು ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ರೆಸಾರ್ಟಿನವರು ಗಡುವಿನ ಕೊನೆಯಲ್ಲಿ ತಕರಾರು ಹಾಕಿದರು. ನಾಲ್ಕು ಮಾತು: ಅವತ್ತು ಹೇಳಲೇ ಇಲ್ಲ, ಅಭಿಪ್ರಾಯದ ಹಾಳೆ ನೋಡಿ, ಹಣ ವಾಪಸ್ ಇಲ್ಲ ಅಂತ ಮೊದಲೇ ತಿಳಿಸಿದ್ದೆವು, ಬೆಟ್ಟದ ರೆಸಾರ್ಟಿನಲ್ಲಿ ಮೆಟ್ಟಿಲು ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಮೊದಲನೆಯದಕ್ಕೆ 9:52ರ ಮೆಸೇಜು ಉತ್ತರ. ಹಾಳೆಯ ವಿಷಯಕ್ಕೆ ಮಗ ತಮ್ಮ ಪ್ರಮಾಣಪತ್ರದಲ್ಲಿ (ಅಫಿಡವಿಟ್) ನಡೆದದ್ದನ್ನು ನಡೆದ ಹಾಗೇ ಬರೆದರು. ಹುಡುಗ ಕೇಳಿಕೊಂಡ, ನಾವು ಟಿಕ್ ಹಾಕಿದೆವು, ಅವನ ಸೇವೆ ನಿಜಕ್ಕೂ ಒಳ್ಳೆಯದಿತ್ತು ಅಂತ. ಆ ಹುಡುಗನ ಹೆಸರು ಬರೆಯಬೇಕೋ ಬೇಡವೋ ಅಂತ ಒಂದು ಇಡೀ ಸಂಜೆ ಚರ್ಚೆ ಮಾಡಿದೆವು. ಬರೆದರೆ ಇವರ ಮಾತಿಗೆ ಬಲ ಬರುತ್ತಿತ್ತು. ಅವ್ವ ಒಪ್ಪಲಿಲ್ಲ. ‘ಅವನ ಅನ್ನಕ್ಕೆ ಕಲ್ಲು ಹಾಕ್ಬ್ಯಾಡ್ರಿ’ ಅಂದರು. ಹೆಸರು ಬರೆಯಲಿಲ್ಲ. ನನಗೆ ಆ ತೀರ್ಮಾನ ಇವತ್ತಿಗೂ ಸರಿ ಅನಿಸುತ್ತೆ.

ಆಯೋಗ ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಅಂತ ಎರಡೂ ಕಡೆ ಕೇಳಿತು. ಕಾಯ್ದೆಯ 37ನೇ ಸೆಕ್ಷನ್ನಿನಲ್ಲಿ ಈ ದಾರಿ ಇದೆ, ಇಬ್ಬರೂ ಬರೆದು ಒಪ್ಪಬೇಕು. ಮಗನಿಗೆ ಇಷ್ಟ ಇರಲಿಲ್ಲ, ತೀರ್ಪೇ ಬರಲಿ ಅನ್ನುವ ಹಟ. ಮಗಳು ಒಪ್ಪಿಸಿದರು. ‘ಗೆದ್ದರೂ ಅವರು ಅಪೀಲು ಹೋಗ್ತಾರೆ. ಅಪ್ಪಾಜಿಗೆ ಎಷ್ಟು ವರ್ಷ ಕಾಯಿಸ್ತೀಯಾ?’

ಆಗಸ್ಟಿನಲ್ಲಿ ಕೂತರು. ರೆಸಾರ್ಟಿನ ಕಡೆಯಿಂದ ಒಬ್ಬ ಹಿರಿಯ ಅಧಿಕಾರಿ, ಒಬ್ಬ ವಕೀಲರು. ವಕೀಲರು ಮತ್ತೆ ಅದೇ ಮಾತು ತೆಗೆದರು, ಬೆಟ್ಟ ಅಂದ ಮೇಲೆ ಮೆಟ್ಟಿಲು ಇರಲ್ವಾ ಅಂತ. ಆಗ ಮಗಳು ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ‘ಸರ್, ನಾನು ಚಿತ್ರದುರ್ಗದವಳು. ನಮ್ಮೂರಲ್ಲಿ ಏಳು ಸುತ್ತಿನ ಕೋಟೆ ಇದೆ. ಅಲ್ಲಿ ಹತ್ತಬೇಕು ಅಂತ ಅವ್ವನಿಗೂ ಗೊತ್ತು, ಅದಕ್ಕೇ ನನ್ನ ಮನೆಗೆ ಬಂದಾಗೆಲ್ಲ ಕೋಟೆ ಬಾಗಿಲ ಹತ್ತಿರ ಕೂತು ನಮ್ಮನ್ನ ಕಳಿಸ್ತಾಳೆ. ಕೋಟೆಯವರು ಯಾರೂ ನಮಗೆ ಮೆಟ್ಟಿಲಿಲ್ಲ ಅಂತ ಬರೆದುಕೊಟ್ಟಿಲ್ಲ. ನೀವು ಬರೆದುಕೊಟ್ಟಿರಿ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿರಿಯ ಅಧಿಕಾರಿ ಆ ಮೆಸೇಜಿನ ಪ್ರಿಂಟನ್ನು ಕೇಳಿ ಪಡೆದು ಎರಡು ಸಲ ಓದಿದರು. ಮೊಮ್ಮಗಳು ಖಾಲಿ ಮೇಜಿನ ಫೋಟೋವನ್ನೂ ಅವರ ಮುಂದಿಟ್ಟಳು. ‘ಇದು ನಮ್ಮ ಗಮನಕ್ಕೆ ಬಂದಿರಲಿಲ್ಲ’ ಅಂದರು. ಬಂದಿತ್ತೋ ಇಲ್ಲವೋ, ಆ ಗಳಿಗೆಯಿಂದ ಮಾತಿನ ಧಾಟಿ ಬದಲಾಯಿತು. ಕಾಟೇಜು ಕೊಟ್ಟವರು, ಮಾತು ಕೊಟ್ಟವರು, ವಕೀಲರಿಗೆ ಕಾಗದ ಕೊಟ್ಟವರು ಬೇರೆ ಬೇರೆ. ಇಡೀ ವಿಷಯವನ್ನು ಮೊದಲಿನಿಂದ ಕೊನೆವರೆಗೆ ಒಬ್ಬರು ಕೂತು ಕೇಳಿದ್ದು ಅವತ್ತೇ ಮೊದಲು ಅಂತ ನನಗೆ ಅನಿಸಿತು.

ಕೊನೆಗೆ

52,000 ರೂಪಾಯಿಗೆ ರಾಜಿ ಆಯಿತು, 30 ದಿನದ ಒಳಗೆ ಕೊಡಬೇಕು ಅಂತ. ಕೇಳಿದ್ದು 84,000. ಮಗನಿಗೆ ಪೂರ್ತಿ ತೃಪ್ತಿ ಇರಲಿಲ್ಲ. ಇನ್ನೂ ಎಳೆದಿದ್ದರೆ 59,000ವಾದರೂ ಬರುತ್ತಿತ್ತು ಅಂತ ಅವರು ಈಗಲೂ ಹೇಳುತ್ತಾರೆ. ಬರುತ್ತಿತ್ತೇನೋ. ಅಭಿಪ್ರಾಯದ ಹಾಳೆ ಇಲ್ಲದಿದ್ದರೆ ಖಂಡಿತ ಇನ್ನಷ್ಟು ಗಟ್ಟಿಯಾಗಿ ನಿಲ್ಲಬಹುದಿತ್ತು ಅನ್ನುವುದು ನನ್ನ ಲೆಕ್ಕ.

ದುಡ್ಡಲ್ಲದ ಒಂದು ಬೇಡಿಕೆಯನ್ನು ಮೊಮ್ಮಗಳು ಇಟ್ಟಿದ್ದಳು. ಯಾವ ಯಾವ ಕಾಟೇಜಿಗೆ ಎಷ್ಟು ಮೆಟ್ಟಿಲು ಅಂತ ರೆಸಾರ್ಟಿನ ತಾಣದಲ್ಲಿ ಹಾಕಬೇಕು. ರಾಜಿ ಪತ್ರದಲ್ಲಿ ಅದು ಸೇರಲಿಲ್ಲ, ‘ಪರಿಶೀಲಿಸುತ್ತೇವೆ’ ಅಂತ ಬಾಯಲ್ಲಿ ಹೇಳಿದರು. ಎರಡು ತಿಂಗಳಾದ ಮೇಲೆ ‘ಕೆಲವು ಕಾಟೇಜುಗಳಿಗೆ ಮೆಟ್ಟಿಲುಗಳಿವೆ’ ಅಂತ ಒಂದು ಸಾಲು ಬಂತು. ಸಂಖ್ಯೆ ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಸಂಖ್ಯೆ. ಅವಳ ಪಕ್ಷವೇ ಸರಿ. ಮಂಡಿ ನೋವಿರುವವರಿಗೆ ನಾಲ್ಕು ಮೆಟ್ಟಿಲಿಗೂ 31 ಮೆಟ್ಟಿಲಿಗೂ ಇರುವ ವ್ಯತ್ಯಾಸ ‘ಕೆಲವು’ ಅನ್ನುವ ಪದದಲ್ಲಿ ಸಿಗಲ್ಲ.

ದುಡ್ಡು ಸೆಪ್ಟೆಂಬರಿನಲ್ಲಿ ಮಗನ ಖಾತೆಗೆ ಬಂತು. ಡಿಸೆಂಬರಿನಲ್ಲಿ ಅಪ್ಪಾಜಿ, ಅವ್ವನ ಮದುವೆಗೆ 51 ವರ್ಷ. ಮತ್ತೆ ಎಲ್ಲಿಗೂ ಬೇಡ, ಮನೆಯಲ್ಲೇ ಹೋಳಿಗೆ ಮಾಡೋಣ ಅಂತ ಅವ್ವ ಹಟ ಹಿಡಿದರು. ಮೊಮ್ಮಗಳು ಬಿಡಲಿಲ್ಲ. ಮಲೆನಾಡಿನಲ್ಲೇ ಒಂದು ಸಣ್ಣ ಹೋಂಸ್ಟೇ ಹುಡುಕಿದಳು. ದುಡ್ಡು ಕಟ್ಟುವ ಮುಂಚೆ ಅಲ್ಲಿಯ ಯಜಮಾನರಿಗೆ ಒಂದೇ ಮಾತು ಕೇಳಿದಳು: ‘ಗಾಡಿ ನಿಲ್ಲುವ ಜಾಗದಿಂದ ಮಂಚದವರೆಗೆ ನಡೆದುಕೊಂಡು ಒಂದು ವಿಡಿಯೋ ಮಾಡಿ ಕಳಿಸ್ತೀರಾ?’

ಅವರು ಕಳಿಸಿದರು. ನಾನೂ ನೋಡಿದೆ. ಅಂಗಳ, ಒಂದು ನಾಯಿ, ಚಪ್ಪಲಿಯ ಸದ್ದು. ಬಾಗಿಲ ಹತ್ತಿರ ಬಂದಾಗ ಅವರು ಫೋನನ್ನು ಕೆಳಗೆ ಬಾಗಿಸಿ ತೋರಿಸುತ್ತಾರೆ. ‘ಇಲ್ಲಿ ಒಂದು ಹೊಸ್ತಿಲು ಇದೆ ಮೇಡಂ, ನಾಲ್ಕು ಇಂಚು ಇರಬಹುದು. ಅಜ್ಜಿಗೆ ಕಷ್ಟ ಆದರೆ ಹಲಗೆ ಹಾಕಿಕೊಡ್ತೀನಿ.’